ಟನ್‌ಗೆ ಎರಡು ಕಿಲೋ, ಉಳಿದದ್ದು ಯಾರಿಗೆ?

ಯಾದಗಿರಿಯಿಂದ ಶಹಾಪುರದ ಕಡೆ ಹೊರಟರೆ ದಾರಿಯಲ್ಲಿ ದೋರನಹಳ್ಳಿ ಸಿಗುತ್ತೆ. ಶಹಾಪುರ ದಾಟಿ ಮುಂದೆ ಹೋದರೆ ಗೋಗಿ. ವಿಜಯಪುರದ ಆದಿಲ್‌ಶಾಹಿ ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಶಾನ ಸಮಾಧಿ ಇರೋದು ಇಲ್ಲೇ. ಆದರೆ ದೆಹಲಿಯವರು ಈ ಊರಿನ ಹೆಸರು ಕಲಿತದ್ದು ಸುಲ್ತಾನನಿಂದ ಅಲ್ಲ. ನೆಲದಡಿಯ ಯುರೇನಿಯಂನಿಂದ.

ಭೀಮಾ ಕೊಳ್ಳದ ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್‌ನಲ್ಲಿ, ಭೂಮಿಯ ಒಂದು ಹಳೇ ಬಿರುಕಿನ ಉದ್ದಕ್ಕೂ ಇದು ಸೇರಿಕೊಂಡಿದೆ. ಅದಿರಿನಲ್ಲಿ ಸುಮಾರು ಶೇಕಡಾ 0.18 ಯುರೇನಿಯಂ ಆಕ್ಸೈಡ್. ಜಾರ್ಖಂಡ್‌ನ ಜಾದೂಗುಡಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ತೆಗೆಯೋದು ಹೇಗೆ? ದಾರಿ ಮೂರು. ತೆರೆದ ಗಣಿ ಅಗ್ಗ, ಆದರೆ ಹೊಲವೇ ಗುಂಡಿಯಾಗುತ್ತೆ. ಸುರಂಗ ತೋಡಿದರೆ ಹೊಲ ಉಳಿದೀತು, ಆದರೆ ಒಳಗಿನ ನೀರನ್ನು ಪಂಪ್ ಮಾಡಿ ಹೊರಹಾಕಬೇಕು, ಸುತ್ತಲ ಬಾವಿ ಬತ್ತಬಹುದು. ಮೂರನೆಯದು ಕಜಾಕಿಸ್ತಾನದ ದಾರಿ. ಕೊಳವೆಬಾವಿಯಲ್ಲಿ ದ್ರಾವಣ ಬಿಟ್ಟು ಯುರೇನಿಯಂ ಕರಗಿಸಿ ಮೇಲೆತ್ತೋದು. ಜಗತ್ತಿನಲ್ಲೇ ಅತಿ ಹೆಚ್ಚು ಯುರೇನಿಯಂ ಅಲ್ಲಿ ಹೀಗೇ ಬರುತ್ತೆ. ಅದಕ್ಕೆ ನೀರು ಹರಿಯುವ ಮರಳುಗಲ್ಲು ಬೇಕು. ಗೋಗಿಯಲ್ಲಿರೋದು ಗಟ್ಟಿ ಕಲ್ಲು. ಅಂದರೆ ಉಳಿದದ್ದು ಸುರಂಗವೇ.

ಈಗ ಲೆಕ್ಕ ನೋಡಿ. ಒಂದು ಟನ್ ಅದಿರಿಗೆ ಸಿಗೋದು ಎರಡು ಕಿಲೋಗಿಂತ ಕಡಿಮೆ. ಉಳಿದ 998 ಕಿಲೋ ಪುಡಿಯಾಗಿ, ಕೆಸರಾಗಿ ಊರ ಪಕ್ಕದ ಕೊಳಕ್ಕೆ ಹೋಗುತ್ತೆ. ಅದಿರಿನ ವಿಕಿರಣದ ಹೆಚ್ಚಿನ ಪಾಲು ಆ ಕೆಸರಿನಲ್ಲೇ ಉಳಿಯುತ್ತೆ. ಅದರೊಳಗಿನ ರೇಡಿಯಂ ಅರ್ಧದಷ್ಟು ಕರಗೋಕೆ ಬೇಕಾದ ಕಾಲ 1600 ವರ್ಷ. ಯೂಸುಫ್ ಆದಿಲ್ ಶಾ ಮಣ್ಣಾಗಿ ಇನ್ನೂ 520 ವರ್ಷ ಆಗಿಲ್ಲ, ನೆನಪಿರಲಿ!

ಹಾಗಾದರೆ ಬೇಡವೇ ಬೇಡ ಅನ್ನೋಣವಾ? ಅದೂ ಸುಲಭವಲ್ಲ. 2008ರಲ್ಲಿ ಪರಮಾಣು ಪೂರೈಕೆದಾರರ ಗುಂಪು ಭಾರತಕ್ಕೆ ವಿನಾಯಿತಿ ಕೊಟ್ಟ ಮೇಲೆ ಹೊರಗಿನ ಯುರೇನಿಯಂ ಬಂತು. ಬಂದದ್ದು ಅಂತಾರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ ರಿಯಾಕ್ಟರ್‌ಗಳಿಗೆ ಮಾತ್ರ. ನಮ್ಮ ಕೈಗಾ ಆ ಪಟ್ಟಿಯಲ್ಲಿಲ್ಲ. 2018ರಲ್ಲಿ 962 ದಿನ ಸತತವಾಗಿ ಓಡಿ ವಿಶ್ವದಾಖಲೆ ಬರೆದ ಅದರ ಒಂದನೇ ಘಟಕಕ್ಕೆ ದೇಶದ್ದೇ ಅದಿರು ಬೇಕು. ನಮ್ಮ ಮನೆಯ ಲೈಟಿಗೂ ಈ ಅದಿರಿಗೂ ನಂಟಿದೆ.

ಗೋಗಿಯಲ್ಲಿ ಪರಿಶೋಧನೆಗೆಂದು ನೆಲ ಕೊರೆದಾಗ ಜನ ಬೀದಿಗಿಳಿದರು. ಅವರ ಭಯಕ್ಕೆ ಕಾರಣವಿದೆ. ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲಿಯಲ್ಲೂ ಇಂಥದ್ದೇ ಸುಣ್ಣದ ಕಲ್ಲಿನ ಅದಿರು. ಕೆಸರುಕೊಳದಿಂದ ಬೋರ್‌ವೆಲ್ ಕೆಟ್ಟಿತು, ಬಾಳೆ ಹಾಳಾಯಿತು ಅಂತ ಅಲ್ಲಿನ ರೈತರು ದೂರಿದರು. ಕಂಪನಿ ಒಪ್ಪಲಿಲ್ಲ.

ಪಾಠ ಇರೋದು ಇಲ್ಲೇ. ಅದಿರು ಇರುವ ಕಡೆ ನೀರಿನಲ್ಲಿ ಸಹಜವಾಗಿಯೂ ಯುರೇನಿಯಂ ಇರಬಹುದು. ಲೀಟರಿಗೆ 30 ಮೈಕ್ರೋಗ್ರಾಂ, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಗಣಿಗೆ ಮೊದಲು ಎಷ್ಟಿತ್ತು ಅನ್ನೋ ದಾಖಲೆ ಊರವರ ಕೈಯಲ್ಲಿ ಇಲ್ಲದಿದ್ದರೆ, ನಾಳೆ "ಇದು ಮೊದಲಿಂದಲೂ ಇತ್ತು" ಅನ್ನೋ ಒಂದೇ ಮಾತಿಗೆ ರೈತ ಸೋಲ್ತಾನೆ.

ಅದಕ್ಕೇ ಹೇಳ್ತೀನಿ. ಗಣಿ ಬರಲಿ, ಬಿಡಲಿ, ಗೋಗಿಯಿಂದ ದೋರನಹಳ್ಳಿವರೆಗೆ ಪ್ರತಿ ಬಾವಿ, ಪ್ರತಿ ಬೋರ್‌ವೆಲ್ಲಿನ ನೀರು ಇವತ್ತೇ ಪರೀಕ್ಷೆಯಾಗಲಿ. ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯ್ತಿ ಗೋಡೆ ಮೇಲೆ ಬರೆಯಲಿ. ಎರಡು ಕಿಲೋ ದೇಶಕ್ಕೆ ಬೇಕು, ಸರಿ. 998 ಕಿಲೋ ಕಾಯೋರಿಗೆ ಕನಿಷ್ಠ ತಮ್ಮ ನೀರಿನ ಲೆಕ್ಕವಾದರೂ ಬೇಡವೇ?