ಬಿಟ್ಟ ಊಟದ ಲೆಕ್ಕ

ಒಂದು ಹೊತ್ತಿನ ಊಟ ಬಿಟ್ಟರೆ ಒಂದಿಷ್ಟು ಹಣ ಉಳಿಯುತ್ತದೆ. ಅದು ಯಾರಿಗೆ ಸೇರಬೇಕು? ಕ್ರೈಸ್ತರ ತಪಸ್ಸುಕಾಲದ ಇತಿಹಾಸವನ್ನು ಈ ಒಂದು ಪ್ರಶ್ನೆಯಿಂದಲೇ ನೋಡಬಹುದು. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿ: 46 ದಿನ. ಆರು ಭಾನುವಾರಗಳನ್ನು ಕಳೆಯಿರಿ, ಉಪವಾಸಕ್ಕೆ ಉಳಿಯುವುದು 40.

ಈ ನಲವತ್ತು ದಿನಗಳ ವ್ರತ ರೂಪುಗೊಂಡದ್ದು 4ನೆಯ ಶತಮಾನದಲ್ಲಿ. ಊಟದ ಲೆಕ್ಕ ಅದಕ್ಕಿಂತ ಹಳೆಯದು. 2ನೆಯ ಶತಮಾನದಲ್ಲಿ ರೋಮಿನಲ್ಲಿ ರಚಿತವಾದ ‘ಹೆರ್ಮಾಸನ ಕುರುಬ’ ಎಂಬ ಗ್ರೀಕ್ ಗ್ರಂಥ ನೇರವಾಗಿ ಗಣಿತಕ್ಕೇ ಇಳಿಯುತ್ತದೆ. ಉಪವಾಸದ ದಿನ ರೊಟ್ಟಿ, ನೀರು ಮಾತ್ರ. ಅಂದು ತಿನ್ನಬೇಕಾಗಿದ್ದ ಅಡುಗೆಯ ಬೆಲೆಯನ್ನು ಲೆಕ್ಕಹಾಕಿ ವಿಧವೆಗೋ ಅನಾಥರಿಗೋ ಕೊಡಬೇಕು ಎನ್ನುತ್ತದೆ. ಕೊಡದಿದ್ದರೆ ಅದು ಬರೀ ಮನೆಖರ್ಚಿನ ಉಳಿತಾಯ, ಅಷ್ಟೆ.

ಲೆಕ್ಕ ದಾರಿ ತಪ್ಪಿದ್ದೂ ಉಂಟು. ಫ್ರಾನ್ಸಿನ ರುಆನ್ ನಗರದ ಮಹಾದೇವಾಲಯಕ್ಕೆ ‘ಬೆಣ್ಣೆ ಗೋಪುರ’ವೊಂದಿದೆ. ತಪಸ್ಸುಕಾಲದಲ್ಲಿ ಬೆಣ್ಣೆ ತಿನ್ನಲು ಅನುಮತಿ ಬೇಡಿದವರು ಕೊಟ್ಟ ಹಣ, 15ನೆಯ ಶತಮಾನದ ಕೊನೆಯಲ್ಲಿ, ಅದರ ಕಲ್ಲುಗಳಿಗೆ ಸಂದಿತು. ಗೋಪುರವೇನೋ ಸುಂದರ!

ಈಗ ಜರ್ಮನಿಗೆ ಬನ್ನಿ. ಎರಡನೆಯ ಮಹಾಯುದ್ಧ ಮುಗಿದಿದೆ. ಕಲೋನ್ ನಗರ ಪಾಳುಬಿದ್ದಿದೆ, ಭೀಕರ ಚಳಿ. 1946ರ ಡಿಸೆಂಬರ್ 31ರಂದು ಅಲ್ಲಿನ ಆರ್ಚ್‌ಬಿಷಪ್ ಕಾರ್ಡಿನಲ್ ಯೋಸೆಫ್ ಫ್ರಿಂಗ್ಸ್ ತಮ್ಮ ಪ್ರವಚನದಲ್ಲಿ, ದುಡಿದರೂ ಬೇಡಿದರೂ ಸಿಗದಿದ್ದಾಗ ಜೀವ ಉಳಿಸಿಕೊಳ್ಳಲು ಬೇಕಾದಷ್ಟನ್ನು ತೆಗೆದುಕೊಳ್ಳಬಹುದು ಎಂದರು. ಮಿತಿಮೀರಿ ತೆಗೆದವರು ಹಿಂದಿರುಗಿಸಬೇಕೆಂದೂ ಎಚ್ಚರಿಸಿದರು. ಜನ ನೆನಪಿಟ್ಟುಕೊಂಡದ್ದು ಮೊದಲ ಮಾತನ್ನು! ರೈಲಿನ ಕಲ್ಲಿದ್ದಲನ್ನು ಎತ್ತಿಕೊಂಡು ಹೋಗುವುದಕ್ಕೆ ಅವರ ಹೆಸರಿನಿಂದಲೇ ‘ಫ್ರಿಂಗ್ಸನ್’ ಎಂಬ ಕ್ರಿಯಾಪದ ಹುಟ್ಟಿಕೊಂಡಿತು. ಅದೇ ವರ್ಷ ಅಮೆರಿಕದಿಂದ ಆಹಾರದ ಪೊಟ್ಟಣಗಳೂ ಬರತೊಡಗಿದ್ದವು.

ಹನ್ನೆರಡು ವರ್ಷ ಕಳೆಯಿತು. ಜರ್ಮನರ ತಟ್ಟೆ ತುಂಬಿತ್ತು. 1958ರ ಆಗಸ್ಟಿನಲ್ಲಿ ಫುಲ್ಡಾದಲ್ಲಿ ಸೇರಿದ ಬಿಷಪರ ಮುಂದೆ ಇದೇ ಫ್ರಿಂಗ್ಸ್, ಜಗತ್ತಿನ ಹಸಿವು ಮತ್ತು ರೋಗಗಳ ವಿರುದ್ಧ ತಪಸ್ಸುಕಾಲದಲ್ಲಿ ನಿಧಿ ಕೂಡಿಸೋಣ ಎಂದರು. ನೆರವು ಪಡೆಯುವವರ ಧರ್ಮವನ್ನು ಕೇಳಬಾರದೆಂಬುದು ಅದರ ನಿಯಮ. ನನಗೆ ಇಡೀ ಯೋಜನೆಯ ತಿರುಳು ಅಲ್ಲೇ ಇದೆ ಅನ್ನಿಸುತ್ತದೆ. ‘ಮಿಸೆರೆಯೋರ್’ ಎಂದು ಹೆಸರಿಟ್ಟರು. ಹಸಿದ ಜನಸಮೂಹವನ್ನು ಕಂಡು ಮರುಗಿದ ಯೇಸುವಿನ ಮಾತಿನ ಲ್ಯಾಟಿನ್ ರೂಪ ಅದು. ಒಂದೇ ಸಲಕ್ಕೆಂದು ಯೋಚಿಸಿದ್ದ ಸಂಗ್ರಹ ಅದು. 1959ರಲ್ಲಿ ಮೂರು ಕೋಟಿಗೂ ಹೆಚ್ಚು ಮಾರ್ಕ್ ಬಂದಾಗ, ನಿಲ್ಲಿಸುವ ಮಾತೇ ಬರಲಿಲ್ಲ.

ಇದಕ್ಕೆ ನಮ್ಮ ನಾಡಿನ ಒಂದು ಎಳೆಯೂ ಸೇರಿಕೊಂಡಿದೆ. ಮಧ್ಯಯುಗದಲ್ಲಿ, ಕಣ್ಣಿಗೂ ಉಪವಾಸವಿರಲೆಂದು, ತಪಸ್ಸುಕಾಲದಲ್ಲಿ ಬಲಿಪೀಠಕ್ಕೆ ಅಡ್ಡಲಾಗಿ ‘ಹಸಿವಿನ ಬಟ್ಟೆ’ ಇಳಿಬಿಡುತ್ತಿದ್ದರು. ಮರೆತುಹೋಗುತ್ತಿದ್ದ ಆ ಪದ್ಧತಿಗೆ ಮಿಸೆರೆಯೋರ್ 1976ರಲ್ಲಿ ಮರುಜೀವ ಕೊಟ್ಟಿತು. ಜರ್ಮನಿಯ ಚರ್ಚುಗಳಲ್ಲಿ ತೂಗಿದ ಆ ಮೊದಲ ಬಟ್ಟೆಯ ಚಿತ್ರ ಬರೆದವರು ಬೆಂಗಳೂರಿನ ಬಳಿ ಸಿಲುವೆಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ.