ಒಂದು ಕೆರೆಯ ಜಮಾ-ಖರ್ಚು

ಹುಲ್ಲನ್ನು ಮಿಡತೆ ತಿನ್ನುತ್ತದೆ, ಮಿಡತೆಯನ್ನು ಕಪ್ಪೆ, ಕಪ್ಪೆಯನ್ನು ಹಾವು, ಹಾವನ್ನು ಹದ್ದು. ನಮ್ಮ ಕಡೆಯ ಶಾಲೆಗಳಲ್ಲಿ ಓದಿದವರಿಗೆಲ್ಲ ಈ ಆಹಾರ ಸರಪಳಿ ಬಾಯಿಪಾಠ. ಅದರ ಬೆನ್ನಿಗೇ ಬರುವುದು ಶೇಕಡಾ ಹತ್ತರ ನಿಯಮ. ಒಂದು ಹಂತದ ಶಕ್ತಿಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಮುಂದಿನ ಹಂತಕ್ಕೆ ಸೇರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಶಾಖವಾಗಿ ಹೋಗುತ್ತದೆ. ದುಂಡು ಅಂಕಿ ಕಂಡರೆ ಅದರ ಹಿಂದಿನ ವೋಚರ್ ಹುಡುಕುವುದು ಲೆಕ್ಕಪರಿಶೋಧಕನಾದ ನನ್ನ ಅಭ್ಯಾಸ. ಈ ಅಂಕಿಯ ಜಾಡು ಹಿಡಿದು ಹೋದರೆ ಸಿಗುವುದು ಅಮೆರಿಕದ ಮಿನೆಸೋಟ ರಾಜ್ಯದ ಸೀಡರ್ ಬಾಗ್ ಎಂಬ ಸಣ್ಣ ಕೆರೆ.

ಹೂಳು ತುಂಬಿ ಜೌಗಾಗುತ್ತಿದ್ದ ಆ ಕೆರೆಯನ್ನು ರೇಮಂಡ್ ಲಿಂಡೆಮನ್ ಐದು ವರ್ಷ ಅಭ್ಯಾಸ ಮಾಡಿದರು. ಹುಟ್ಟಿದ್ದು 1915ರಲ್ಲಿ, ಅದೇ ರಾಜ್ಯದಲ್ಲಿ. ಪಾಚಿ, ನೀರಿನ ಹುಳು, ತಳದ ಕೆಸರಿನ ಜೀವಿಗಳನ್ನೆಲ್ಲ ಸಂಗ್ರಹಿಸುವ ಕೆಲಸದಲ್ಲಿ ಪತ್ನಿ ಎಲೀನರ್ ಜೊತೆಗಿದ್ದರು. ಆವರೆಗೆ ಇಂಥ ಅಧ್ಯಯನಗಳಲ್ಲಿ ಹೆಚ್ಚಾಗಿ ಇರುತ್ತಿದ್ದುದು ಯಾವ ಜೀವಿ ಎಷ್ಟಿದೆ ಎಂಬ ಪಟ್ಟಿ. ಲಿಂಡೆಮನ್ ಎಲ್ಲವನ್ನೂ ಕ್ಯಾಲೊರಿಗೆ ಪರಿವರ್ತಿಸಿದರು. ಬೇರೆ ಬೇರೆ ದೇಶದ ಹಣವನ್ನು ಒಂದೇ ನಾಣ್ಯಕ್ಕೆ ತಂದು ಲೆಕ್ಕ ಬರೆದಂತೆ.

ಒಂದು ಚದರ ಸೆಂಟಿಮೀಟರಿಗೆ ವರ್ಷಕ್ಕೆ ಬಿದ್ದ ಬಿಸಿಲು 1,18,872 ಕ್ಯಾಲೊರಿ. ಅದರಲ್ಲಿ ಸಸ್ಯಗಳು ಹಿಡಿದದ್ದು 111.3. ಅವನ್ನು ತಿನ್ನುವ ಜೀವಿಗಳಿಗೆ ಸೇರಿದ್ದು 14.8, ಅಂದರೆ ಶೇಕಡಾ 13.3. ಅವುಗಳಿಂದ ಮಾಂಸಾಹಾರಿಗಳಿಗೆ ದಾಟಿದ್ದು ಶೇಕಡಾ 22.3. ಪಠ್ಯಪುಸ್ತಕದ ಹತ್ತು ಈ ಕೆರೆಯ ಲೆಕ್ಕದಲ್ಲಿ ಎಲ್ಲೂ ಇಲ್ಲ! ಇಂಥ ಅನೇಕ ಅಂಕಿಗಳ ಒಂದು ಅಂದಾಜು ಸರಾಸರಿ ಅದು.

ಲಿಂಡೆಮನ್ 1941ರಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಬಂದು, ಜಿ. ಇ. ಹಚಿನ್ಸನ್ ಅವರೊಡನೆ ಚರ್ಚಿಸುತ್ತ ಈ ಪ್ರಬಂಧವನ್ನು ತಿದ್ದಿದರು. 'ಇಕಾಲಜಿ' ಪತ್ರಿಕೆಗೆ ಕಳಿಸಿದಾಗ ಪರಿಶೀಲಿಸಿದವರು ಕೆರೆಗಳ ಅಧ್ಯಯನದಲ್ಲಿ ಹೆಸರಾಂತ ಹಿರಿಯರಾದ ಚಾನ್ಸಿ ಜೂಡೇ ಮತ್ತು ಪಾಲ್ ವೆಲ್ಚ್. ಇಬ್ಬರೂ ಬೇಡವೆಂದರು. ಸಿದ್ಧಾಂತ ಹೆಚ್ಚಾಯಿತು, ಆಧಾರ ಸಾಲದು ಎಂಬುದು ಆಕ್ಷೇಪ. ಜೂಡೇ ಅವರೇ ಹಿಂದಿನ ವರ್ಷ ವಿಸ್ಕಾನ್ಸಿನ್‌ನ ಮೆಂಡೋಟ ಸರೋವರದ ಶಕ್ತಿಯ ಆಯವ್ಯಯ ಪ್ರಕಟಿಸಿದ್ದರು. ಆ ಅಂಕಿಗಳನ್ನೂ ಲಿಂಡೆಮನ್ ಬಳಸಿಕೊಂಡಿದ್ದರು.

ಆಕ್ಷೇಪ ಪೂರ್ತಿ ತಪ್ಪೆನ್ನಲಾರೆ. ಉಸಿರಾಟಕ್ಕೆ ಖರ್ಚಾದ ಶಕ್ತಿಯನ್ನು ಲಿಂಡೆಮನ್ ಆ ಕೆರೆಯಲ್ಲಿ ಅಳೆದಿರಲಿಲ್ಲ. ಬೇರೆಯವರ ಪ್ರಯೋಗಗಳಿಂದ ಅಂದಾಜು ತಂದಿದ್ದರು. ನನ್ನ ವೃತ್ತಿಯಲ್ಲೂ ಅಂಥ ಬಾಬಿಗೆ ಷರಾ ಬೀಳುತ್ತದೆ. ಆದರೆ ಖಾತೆಯ ಕಲಮುಗಳು ಮೊದಲು ಇರಬೇಕು. ಇಲ್ಲವಾದರೆ ಯಾವ ಅಂಕಿ ಇನ್ನೂ ಬಂದಿಲ್ಲ ಎಂಬುದೇ ತಿಳಿಯುವುದಿಲ್ಲ. ಏನನ್ನು ಅಳೆಯಬೇಕೆಂದು ತಿಳಿಯಲು ಸಿದ್ಧಾಂತ ಬೇಕೆಂದು ಹಚಿನ್ಸನ್ ಸಂಪಾದಕ ಥಾಮಸ್ ಪಾರ್ಕ್ ಅವರಿಗೆ ಬರೆದರು. ತಿದ್ದಿದ ಪ್ರತಿಯನ್ನು ಪಾರ್ಕ್ ಒಪ್ಪಿಕೊಂಡರು.

ಆ ಹೊತ್ತಿಗೆ ಲಿಂಡೆಮನ್ ಯಕೃತ್ತಿನ ಕಾಯಿಲೆಯಿಂದ ನರಳುತ್ತಿದ್ದರು. 1942ರ ಜೂನ್ 29ರಂದು ತೀರಿಕೊಂಡಾಗ ಅವರಿಗೆ ಇನ್ನೂ 27 ತುಂಬಿರಲಿಲ್ಲ. ಪ್ರಬಂಧ ಅಚ್ಚಾಗಿ ಬಂದದ್ದು ಅಕ್ಟೋಬರಿನಲ್ಲಿ. ಕೊನೆಯಲ್ಲಿ ಹಚಿನ್ಸನ್ ಅವರ ಪುಟ್ಟ ಶ್ರದ್ಧಾಂಜಲಿ ಇದೆ.

ಆಮೇಲೆ ಬಂದವರು ಆ ಖಾಲಿ ಕಲಮುಗಳನ್ನು ಒಂದೊಂದಾಗಿ ಅಳೆದು ತುಂಬಿದರು, ಅಂಕಿಗಳು ಬದಲಾದವು. ಆದರೆ ಹುಲ್ಲು ಎಷ್ಟೊಂದು, ಹದ್ದು ಏಕೆ ಕೆಲವೇ ಕೆಲವು ಎಂದು ಮಗು ಕೇಳಿದರೆ ಉತ್ತರಕ್ಕೆ ಇಂದಿಗೂ ಆ ಖಾತೆಯನ್ನೇ ತೆರೆಯಬೇಕು. ಮಕ್ಕಳಿಗೆ ಹತ್ತು ಎಂದು ಬಾಯಿಪಾಠ ಮಾಡಿಸುವಾಗ 13.3 ಮತ್ತು 22.3 ಅನ್ನೂ ಪಕ್ಕದಲ್ಲಿ ಬರೆದು ತೋರಿಸಿದರೆ, ನಿಯಮದ ಹಿಂದೆ ಒಂದು ಕೆರೆಯೂ ಅದರ ಕೆಸರಿನಲ್ಲಿ ಇಳಿದು ದುಡಿದ ಇಬ್ಬರೂ ಇದ್ದರೆಂದು ಅವರಿಗೆ ತಿಳಿದೀತು.