ಮನೆಯಲ್ಲೇ ಕಿತ್ತಳೆ ಮಾರ್ಮಲೇಡ್: ಸಕ್ಕರೆ ಹಾಕಲು ಅವಸರ ಬೇಡ

ಕಿತ್ತಳೆ ತಿಂದು ಸಿಪ್ಪೆ ಎಸೆಯುವುದು ನಮ್ಮೆಲ್ಲರ ರೂಢಿ. ಮಾರ್ಮಲೇಡ್‌ನಲ್ಲಿ ಮಾತ್ರ ಸಿಪ್ಪೆಯೇ ಮುಖ್ಯ. ಇದರ ಹೆಸರಿನ ಮೂಲ ಪೋರ್ಚುಗೀಸ್ ಭಾಷೆಯಲ್ಲಿದೆ. ಅಲ್ಲಿ 'ಮರ್ಮೆಲು' ಎಂದರೆ ಕ್ವಿನ್ಸ್ ಹಣ್ಣು, ಅದರ ಗಟ್ಟಿ ಹಲ್ವದಂತಹ ತಿನಿಸೇ 'ಮರ್ಮೆಲಾಡ'. ಬ್ರಿಟನ್ನಿನಲ್ಲಿ ಈ ಹೆಸರು ಕಿತ್ತಳೆಗೆ ಅಂಟಿಕೊಂಡಿತು. ಅಲ್ಲಿಯವರು ಸ್ಪೇನಿನ ಸೆವಿಲ್‌ನಿಂದ ಚಳಿಗಾಲದಲ್ಲಿ ಬರುವ ಕಹಿ ಕಿತ್ತಳೆಯನ್ನು ಬಳಸುತ್ತಾರೆ. ನಮ್ಮ ಪೇಟೆಗಳಲ್ಲಿ ಅದು ಸಿಗುವುದಿಲ್ಲ. ಘಟ್ಟದ ಮೇಲಿನಿಂದ ಬರುವ ಕೊಡಗಿನ ಕಿತ್ತಳೆ ಸಿಕ್ಕರೆ ಅದೇ ಸಾಕು.

ಆದರೆ ಕೊಡಗಿನ ಕಿತ್ತಳೆಯ ಸಿಪ್ಪೆ ತೆಳು, ಒಳಗಿನ ಬಿಳಿ ಭಾಗವೂ ಕಡಿಮೆ. ಪಾಕವನ್ನು ಹೆಪ್ಪುಗಟ್ಟಿಸುವ ಪೆಕ್ಟಿನ್ ಹೆಚ್ಚಾಗಿ ಇರುವುದು ಆ ಬಿಳಿ ಭಾಗ, ತೊಳೆಗಳ ಪೊರೆ ಮತ್ತು ಬೀಜಗಳಲ್ಲಿ. ಆದ್ದರಿಂದ ಒಂದು ಕಿಲೋ ಕಿತ್ತಳೆಗೆ ನಾಲ್ಕು ಲಿಂಬೆಯ ರಸವನ್ನೂ ಬೀಜಗಳನ್ನೂ ಸೇರಿಸಬೇಕು. ಹುಳಿ ಇಲ್ಲದೆ ಪೆಕ್ಟಿನ್ ಕೆಲಸ ಮಾಡುವುದಿಲ್ಲ.

ಹಣ್ಣುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆ ಬಿಡಿಸಿ ಕಡ್ಡಿಯಂತೆ ಸಣ್ಣಗೆ ಹೆಚ್ಚಿ. ತೊಳೆಗಳನ್ನು ಹಿಂಡಿ ರಸ ತೆಗೆದು, ಉಳಿದ ಪೊರೆ ಮತ್ತು ಬೀಜಗಳನ್ನು ತೆಳುವಾದ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ. ಸಿಪ್ಪೆ, ರಸ, ಗಂಟು ಎಲ್ಲವನ್ನೂ ಒಂದೂವರೆ ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಡಿ. ಮರುದಿನ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಪಾತ್ರೆ ಅಗಲವಾದ ಸ್ಟೀಲಿನದ್ದಾಗಿರಲಿ. ಅಲ್ಯೂಮಿನಿಯಂ ಅಥವಾ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ಬೇಡ, ಹುಳಿ ಲೋಹವನ್ನು ಕರಗಿಸುತ್ತದೆ.

ಎಷ್ಟು ಹೊತ್ತು ಬೇಯಿಸಬೇಕು? ಗಡಿಯಾರ ನೋಡಬೇಡಿ, ಸಿಪ್ಪೆಯನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡಿ. ಬೆಣ್ಣೆಯಂತೆ ನಜ್ಜಾಗಬೇಕು. ನಾವು ಮೊದಲ ಸಲ ಮಾಡಿದಾಗ ಸಿಪ್ಪೆ ಅರೆಬೆಂದಾಗಲೇ ಸಕ್ಕರೆ ಸುರಿದೆವು. ಆಮೇಲೆ ಎಷ್ಟು ಕುದಿಸಿದರೂ ಅದು ಮೆತ್ತಗಾಗಲಿಲ್ಲ, ಚರ್ಮ ಅಗಿದಂತಾಯಿತು. ಸಕ್ಕರೆ ಬಿದ್ದ ಬಳಿಕ ಸಿಪ್ಪೆ ಮೃದುವಾಗುವುದು ನಿಂತೇಹೋಗುತ್ತದೆ. ಎರಡು ಕಿಲೋ ಹಣ್ಣು ಹೀಗೆ ಹಾಳಾದ ಮೇಲೆ ನಾವು ಈ ಪಾಠ ಕಲಿತೆವು.

ಬೆಂದ ಮೇಲೆ ಗಂಟು ತಣಿಸಿ, ಗಟ್ಟಿಯಾಗಿ ಹಿಂಡಿ. ಲೋಳೆಯಂತೆ ಇಳಿಯುವುದೇ ಪೆಕ್ಟಿನ್, ಅದನ್ನು ಚೆಲ್ಲಬೇಡಿ. ಈಗ ಒಟ್ಟು ಮಿಶ್ರಣವನ್ನು ಅಳೆದು, ಲೋಟಕ್ಕೆ ಲೋಟ ಸಕ್ಕರೆ ಹಾಕಿ ಕರಗಿಸಿ, ದೊಡ್ಡ ಉರಿಯಲ್ಲಿ ಕುದಿಸಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ನೊರೆ ಉಕ್ಕುತ್ತದೆ. ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳುಹಿಸಿ. ಸಕ್ಕರೆ ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಕುದಿನೀರಿಗಿಂತ ಅಪಾಯ.

ಹದ ತಿಳಿಯಲು ಫ್ರೀಜರಿನಲ್ಲಿಟ್ಟ ತಟ್ಟೆಯ ಮೇಲೆ ಒಂದು ಹನಿ ಹಾಕಿ, ನಿಮಿಷದ ನಂತರ ಬೆರಳಿನಿಂದ ತಳ್ಳಿ. ಮೇಲ್ಪದರ ಸುಕ್ಕುಗಟ್ಟಿದರೆ ಸಾಕು. ನೋಡುವಾಗ ಒಲೆ ಆರಿಸಿರಿ. ಥರ್ಮಾಮೀಟರ್ ಇದ್ದವರಿಗೆ ಕರಾವಳಿಯಲ್ಲಿ 104ರಿಂದ 105 ಡಿಗ್ರಿ ಸೆಲ್ಸಿಯಸ್. ಮಡಿಕೇರಿಯಲ್ಲಿರುವ ಬಂಧುಗಳು ಈ ಅಂಕೆ ನಂಬಿದರೆ ಪಾಕ ಕಲ್ಲಾದೀತು: 1,100 ಮೀಟರಿಗೂ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ ಅಲ್ಲಿ ಹದವೂ ನಾಲ್ಕೈದು ಡಿಗ್ರಿ ಕೆಳಗಿರುತ್ತದೆ.

ಕಾಲು ಗಂಟೆ ತಣಿಸಿ ತುಂಬಿಸಿದರೆ ಸಿಪ್ಪೆ ಮೇಲೆ ತೇಲುವುದಿಲ್ಲ. ಗಾಜಿನ ಭರಣಿಗಳನ್ನು ಮೊದಲೇ ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಪೂರ್ತಿ ಒಣಗಿಸಿರಬೇಕು. ಬಿಸಿ ಇರುವಾಗಲೇ ಅಂಚಿನವರೆಗೆ ತುಂಬಿ ಮುಚ್ಚಳ ಬಿಗಿಯಿರಿ.

ಸಕ್ಕರೆ ಕಡಿಮೆ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಮಾಡಬಹುದು, ಆದರೆ ಅದು ಫ್ರಿಜ್ಜಿನಲ್ಲಿಟ್ಟು ಎರಡು ವಾರದೊಳಗೆ ಮುಗಿಸುವ ಪದಾರ್ಥವಾಗುತ್ತದೆ. ಸಿದ್ಧ ಮಾರ್ಮಲೇಡ್‌ನಲ್ಲಿ ಶೇಕಡಾ 65ರಷ್ಟು ಸಕ್ಕರೆ ಅಂಶವಿದ್ದರೆ ಮಾತ್ರ ಅದು ಹೊರಗೆ ಬಾಳಿಕೆ ಬರುತ್ತದೆ. ಮಧುಮೇಹ ಇರುವವರು ದೂರವಿರುವುದೇ ಲೇಸು. ನಮ್ಮ ಮಳೆಗಾಲದ ತೇವದಲ್ಲಿ ಒದ್ದೆ ಚಮಚ ಒಂದು ಸಲ ಇಳಿದರೂ ಬೂಸ್ಟು ಹಿಡಿದೀತು. ಹಾಗಾದರೆ ಮೇಲಿನಿಂದ ತೆಗೆದು ಉಳಿದದ್ದನ್ನು ತಿನ್ನಬೇಡಿ. ವಿಷಾಂಶ ಕೆಳಗೂ ಇಳಿದಿರಬಹುದು. ಭರಣಿಯನ್ನೇ ಖಾಲಿ ಮಾಡಿ ಎಸೆಯಿರಿ.

ಬ್ರೆಡ್ಡಿಗೆ ಹಚ್ಚಿ ತಿನ್ನುವುದು ಸಾಮಾನ್ಯ. ಬಿಸಿ ನೀರುದೋಸೆಯ ಜೊತೆಗೂ ಒಮ್ಮೆ ನೋಡಿ.